ಮಕ್ಕಳ ಸಂತೆ: ತಕ್ಕಡಿ ಮಕ್ಕಳ ಕೈಯಲ್ಲೇ ಇರಲಿ

ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಅಂಗಡಿ ಇಟ್ಟು, ತೂಗಿ, ಮಾರುವ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ ಅಂದರೆ ಊರಿಗೇ ಸಂಭ್ರಮ. ಆದರೆ ನಾನು ನೋಡಿದ ಎಷ್ಟೋ ಸಂತೆಗಳಲ್ಲಿ ಅಪ್ಪ ತೂಗುತ್ತಾರೆ, ಅಮ್ಮ ದುಡ್ಡು ಎಣಿಸುತ್ತಾರೆ, ಮಗು ಸುಮ್ನೆ ಫೋಟೊಗೆ ನಿಂತಿರುತ್ತದೆ. ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಕೈಗೆ ಹತ್ತುವ ದಿನ ಅದು. ಅದನ್ನು ದೊಡ್ಡವರು ಕಸಿದುಕೊಳ್ಳಬಾರದು, ಅಲ್ವಾ?

ಶನಿವಾರ ಬೆಳಗಿನ ಶಾಲೆ ಇರುತ್ತದೆ, ಅವತ್ತೇ ಇಟ್ಟುಕೊಳ್ಳಿ. ನೆರಳು, ನೀರಿನ ವ್ಯವಸ್ಥೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಿಗೆ (ಎಸ್‌ಡಿಎಂಸಿ) ಬಿಡಿ. ಒಂದು ಅಂಗಡಿಗೆ ಇಬ್ಬರು ಮಕ್ಕಳು ಸಾಕು.

ಸರಕು ಮನೆಯದೋ ಹೊಲದ್ದೋ ಆಗಿರಲಿ. ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ, ಮಜ್ಜಿಗೆ. ಅಂಗಡಿಯಿಂದ ಕುರುಕಲು ಪ್ಯಾಕೆಟ್ ತಂದು ನೇತುಹಾಕುವುದು ಬೇಡವೇ ಬೇಡ. ಅದರಲ್ಲಿ ತೂಗುವುದೂ ಇಲ್ಲ, ಅಳೆಯುವುದೂ ಇಲ್ಲ, ಬೆಲೆ ಮೊದಲೇ ಅಚ್ಚಾಗಿರುತ್ತದೆ.

ಬೆಲೆ ನಾಲ್ಕರಿಂದ ಭಾಗವಾಗುವಂತೆ ಇಡಿ. ಟೊಮೆಟೊ ಕೆಜಿಗೆ 40 ಅಂದರೆ ಕಾಲು ಕೆಜಿಗೆ 10. ಅದೇ 35 ಅಂತ ಬರೆದರೆ ಕಾಲು ಕೆಜಿಗೆ 8 ರೂಪಾಯಿ 75 ಪೈಸೆ, ಮಗು ಅಲ್ಲೇ ಕಂಗಾಲು.

ತಕ್ಕಡಿ ಮನೆಯಲ್ಲೇ ಮಾಡಿ. ಬಟ್ಟೆ ಹ್ಯಾಂಗರ್, ಎರಡು ತೆಂಗಿನ ಚಿಪ್ಪು, ಸಮ ಉದ್ದದ ದಾರ. ಖಾಲಿ ಚಿಪ್ಪುಗಳು ಸಮ ನಿಲ್ಲದಿದ್ದರೆ ಮೇಲೆದ್ದ ಚಿಪ್ಪಿನ ತಳಕ್ಕೆ ಒಂದು ಚೂರು ಜೇಡಿಮಣ್ಣು ಮೆತ್ತಿ. ಕಿರಾಣಿ ಅಂಗಡಿಯಲ್ಲಿ 100, 250 ಗ್ರಾಂ ಮರಳು ತೂಗಿಸಿ ಚೀಲಕ್ಕೆ ಹೊಲಿದರೆ ಅವೇ ತೂಕದ ಬಟ್ಟು. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ತಕ್ಕಡಿ ಕೊಳ್ಳಬೇಡಿ, ನಾಲ್ಕು ಆಲೂಗಡ್ಡೆ ಹಾಕಿದರೆ ಬಾಗುತ್ತದೆ. ಡಿಜಿಟಲ್ ತಕ್ಕಡಿಯೂ ಬೇಡ, ಅದು ತಾನೇ ಹೇಳಿಬಿಡುತ್ತದೆ.

ಈಗ ಎಲ್ಲರೂ ಎಡವುವ ಜಾಗ, ಚಿಲ್ಲರೆ. 32 ರೂಪಾಯಿಯ ಸಾಮಾನಿಗೆ ಗಿರಾಕಿ 50ರ ನೋಟು ಕೊಟ್ಟರೆ ಮಗು 50ರಲ್ಲಿ 32 ಕಳೆಯಲು ಹೋಗಿ, ದಶಕ ಎರವಲು ಪಡೆದದ್ದನ್ನು ಮರೆತು, 28 ಕೊಟ್ಟುಬಿಡುತ್ತದೆ. ಹಿಂದೆ ನಿಂತ ಅಪ್ಪ ತಕ್ಷಣ ಕೈ ಹಾಕುತ್ತಾರೆ. ಹಾಗಾಗಿ ಸಂತೆಗೆ ಒಂದು ವಾರ ಮೊದಲೇ ಮುಂದಕ್ಕೆ ಎಣಿಸುವುದನ್ನು ಕಲಿಸಿ. ಮಗು ಬಾಯಿಬಿಟ್ಟು "ಮೂವತ್ತೆರಡು" ಅನ್ನಲಿ. ಒಂದೊಂದೇ ರೂಪಾಯಿ ಗಿರಾಕಿಯ ಅಂಗೈ ಮೇಲೆ ಇಡುತ್ತಾ "ಮೂವತ್ತಮೂರು, ಮೂವತ್ತನಾಲ್ಕು, ಮೂವತ್ತೈದು", ಐದರ ನಾಣ್ಯ ಇಟ್ಟು "ನಲವತ್ತು", ಹತ್ತರ ನೋಟು ಇಟ್ಟು "ಐವತ್ತು". ಮುಗಿಯಿತು, ಕಳೆಯುವ ಲೆಕ್ಕವೇ ಬೇಕಾಗಲಿಲ್ಲ. ಗಿರಾಕಿಯ ನೋಟನ್ನು ಅಲ್ಲಿಯವರೆಗೆ ಡಬ್ಬಿಗೆ ಹಾಕದೆ ಮುಂದೆಯೇ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಕೊಟ್ಟಿದ್ದು 50ರದೋ 100ರದೋ ಅಂತ ಜಗಳ.

ಪ್ರತಿ ಅಂಗಡಿಗೆ 50 ರೂಪಾಯಿ ಚಿಲ್ಲರೆ ಕೊಡಿ: ಒಂದರ ಇಪ್ಪತ್ತು ನಾಣ್ಯ, ಐದರ ಎರಡು, ಹತ್ತರ ಎರಡು ನೋಟು. ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಕೊಡುತ್ತೇವೆ ಅನ್ನುವವರಿಗೆ ಇವತ್ತು ಆಗಲ್ಲ ಅಂತ ಗೇಟಿನಲ್ಲೇ ಬರೆದು ಹಾಕಿ. ಪೋಷಕರು ಹಗ್ಗದ ಆಚೆ, ಗಿರಾಕಿಗಳಾಗಿ ಮಾತ್ರ. ಸಾಲು ಬೆಳೆದರೂ ಅವಸರ ಮಾಡಬೇಡಿ.

ಕೊನೆಗೆ ಲೆಕ್ಕ. ಡಬ್ಬಿಯಲ್ಲಿ ಇದ್ದದ್ದೆಲ್ಲ ಲಾಭ ಅಂತ ಮಕ್ಕಳು ಕುಣಿಯುತ್ತಾರೆ. ಒಬ್ಬ ಹುಡುಗಿ 20 ಸಿವುಡು ಕೊತ್ತಂಬರಿಯನ್ನು 60 ರೂಪಾಯಿಗೆ ತಂದು, 5 ರೂಪಾಯಿಯಂತೆ 16 ಮಾರಿದ್ದಳು. ಡಬ್ಬಿಯಲ್ಲಿ 130. ಮೊದಲು ಚಿಲ್ಲರೆಯ 50 ತೆಗೆದಿಡಲು ಹೇಳಿದೆ. ಉಳಿದ 80ರಲ್ಲಿ ಹಾಕಿದ 60 ತೆಗೆದಳು. ಮುಂದೆ ಉಳಿದ ಎರಡು ಹತ್ತರ ನೋಟು ನೋಡಿ, ಪಕ್ಕದಲ್ಲಿ ಬಾಡಿ ಬಿದ್ದಿದ್ದ ನಾಲ್ಕು ಸಿವುಡು ನೋಡಿ, "ಇವಕ್ಕೆ ನೀರು ಚಿಮುಕಿಸಿದ್ರೆ ಇನ್ನೂ ಇಪ್ಪತ್ತು ಬರ್ತಿತ್ತು ಸಾರ್" ಅಂದಳು.