ಉರುಟು ಮೂತಿಯ ಹಡಗು ಮೊದಲಿಗೆ ಬೇಡ

ನಾನು ಕಟ್ಟಲು ಹೊರಟ ಮೊದಲ ಮಾದರಿ ಹಡಗು ಅಟ್ಟದ ಮೇಲೆ ಅರ್ಧಕ್ಕೇ ನಿಂತಿದೆ. ಹೆಸರು ವಿಕ್ಟರಿ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ ಇದ್ದ ಹಡಗು, 104 ಫಿರಂಗಿಗಳದ್ದು. ಡಬ್ಬದ ಮೇಲಿನ ಚಿತ್ರ ನೋಡಿ ಮರುಳಾಗಿ, ಮನೆಯಲ್ಲೇ ಜೋಡಿಸುವ ಮರದ ಕಿಟ್ ತರಿಸಿದೆ.

ಅಳತೆ 1:100. ಅಂದರೆ ನಿಜದ ಹಡಗಿನ ಒಂದು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ವಿಕ್ಟರಿಯ ಒಡಲು ಸುಮಾರು 69 ಮೀಟರ್. ಶೋಕೇಸಿನಲ್ಲಿ ಹಿಡಿಯುತ್ತದೆ ಅಂದುಕೊಂಡೆ. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬವನ್ನೂ ಸೇರಿಸಿದರೆ 100 ಮೀಟರ್ ಹತ್ತಿರ ಆಗುತ್ತದೆ ಅಂತ ಗೊತ್ತಾದದ್ದು ಆಮೇಲೆ! ಈಗ ಯಾವ ಕಿಟ್ ಕಣ್ಣಿಗೆ ಬಿದ್ದರೂ ಮೊದಲು ಹಳೆಯ ಪೇಪರನ್ನು ಅದರ ಪೂರ್ತಿ ಉದ್ದ, ಎತ್ತರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸುತ್ತೇನೆ. ಎರಡು ದಿನದಲ್ಲಿ ಮನೆಯವಳ ತೀರ್ಪು ಬರುತ್ತದೆ.

ಆದರೆ ನಾನು ಸೋತದ್ದು ಜಾಗದಿಂದಲ್ಲ, ಮೂತಿಯಿಂದ. ನಡುವೆ ಬೆನ್ನೆಲುಬಿನಂಥ ಪ್ಲೈವುಡ್, ಅದಕ್ಕೆ ಅಡ್ಡ ಹಲಗೆಗಳು, ಅವುಗಳ ಮೇಲೆ ತೆಳು ಮರದ ಪಟ್ಟಿಗಳು. ಹೆಚ್ಚಿನ ಮರದ ಕಿಟ್‌ಗಳು ಹೀಗೇ. ಹೊಟ್ಟೆಯ ಭಾಗದಲ್ಲಿ ಪಟ್ಟಿಗಳು ಚಂದ ಕೂತವು. ಮೂತಿಯ ಹತ್ತಿರ ಒಂದರ ಮೇಲೊಂದು ಹತ್ತತೊಡಗಿದವು. ನೀರಲ್ಲಿ ನೆನೆಸಿದೆ. ಪಿನ್ ಹೊಡೆದೆ. ಫೆವಿಕ್ವಿಕ್ ಸುರಿದೆ. ಬೆರಳು ಅಂಟಿತು, ಪಟ್ಟಿ ಅಂಟಲಿಲ್ಲ.

ಅದು ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲಿಕ್ಕಿಲ್ಲ. ಮಲ್ಪೆಯಲ್ಲಿ ದೋಣಿ ಕೆಲಸ ಮಾಡುವ ಪರಿಚಯದ ಆಚಾರಿಯೊಬ್ಬರು ಸಿಕ್ಕಿದರು. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ನಗಲಿಲ್ಲ, ಪುಣ್ಯಕ್ಕೆ.

"ಪಟ್ಟಿಯನ್ನು ಮೂತಿ ಕಡೆ ಸಪುರ ಮಾಡ್ಲಿಲ್ವಾ ಮಾರಾಯ್ರೇ? ಹೊಟ್ಟೆಯ ಸುತ್ತಳತೆ, ಮೂತಿಯ ಸುತ್ತಳತೆ ಒಂದೇ ಉಂಟಾ?"

ಒಂದೇ ಇಲ್ಲ, ಅಲ್ವಾ! ಎರಡೂ ಕಡೆ ಅಷ್ಟೇ ಪಟ್ಟಿ ಹಿಡಿಯಬೇಕಾದರೆ ಮೂತಿಯ ಕಡೆ ಪ್ರತಿಯೊಂದೂ ಸಪುರ ಆಗಲೇಬೇಕು. ಆಚಾರಿಯವರು ಇನ್ನೊಂದು ಮಾತು ಸೇರಿಸಿದರು: "ಇದು ಉರುಟು ಮೂತಿ. ಪಟ್ಟಿ ಗಕ್ಕನೆ ತಿರುಗ್ಬೇಕಾಗ್ತದೆ. ಕಲಿಲಿಕ್ಕೆ ಚೂಪು ಮೂತಿಯದ್ದು ತಗೊಳ್ಳಿ."

ಆಮೇಲೆ ಡಬ್ಬದ ಚಿತ್ರ ನೋಡುವುದನ್ನೇ ಬಿಟ್ಟೆ. ಮೊದಲು ಮೂತಿ ನೋಡುತ್ತೇನೆ. ಆಮೇಲೆ ಅಡ್ಡ ಹಲಗೆಗಳ ನಡುವಿನ ಅಂತರ. ಅವು ದೂರ ದೂರ ಇದ್ದರೆ ನಡುವೆ ಪಟ್ಟಿ ಚಪ್ಪಟೆಯಾಗುತ್ತದೆ, ಒಡಲು ಹಸಿದ ದನದ ಪಕ್ಕೆಯ ಹಾಗೆ ಕಾಣುತ್ತದೆ. ಪಟ್ಟಿ ಎರಡು ಪದರ ಇದ್ದರೆ ಒಳ್ಳೆಯದು. ಮೊದಲ ಪದರದ ತಪ್ಪನ್ನು ಪುಟ್ಟಿ ತುಂಬಿ ಉಜ್ಜಿದರೆ ಎರಡನೆಯದು ಮುಚ್ಚಿಬಿಡುತ್ತದೆ. ಜೋಡಿಸುವ ಕ್ರಮದ ಪುಸ್ತಕವನ್ನು ಕೆಲವು ಕಂಪೆನಿಗಳು ಇಂಟರ್ನೆಟ್ಟಿನಲ್ಲಿ ಸುಮ್ನೆ ಕೊಡುತ್ತವೆ. ಅದನ್ನು ಓದಿ ಅರ್ಥವಾಗದಿದ್ದರೆ ಕಿಟ್ ತರಿಸುವುದೇ ಬೇಡ.

ಅಳತೆಯ ವಿಷಯದಲ್ಲಿ ನನ್ನ ಲೆಕ್ಕ ತಲೆಕೆಳಗಾಗಿತ್ತು. 1:100 ಅಂದರೆ ಚಿಕ್ಕದು, ಹಾಗಾಗಿ ಸುಲಭ ಅಂದುಕೊಂಡಿದ್ದೆ. ನಿಜದ ಹಡಗಿನಲ್ಲಿ ಹಗ್ಗ ಎಳೆಯುವ 30 ಸೆಂಟಿಮೀಟರಿನ ರಾಟೆ ಮಾದರಿಯಲ್ಲಿ 3 ಮಿಲಿಮೀಟರ್, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅದರ ತೂತಿಗೆ ನೂಲು ಹಾಕಬೇಕು. ನನ್ನ ಕನ್ನಡಕದ ನಂಬರ್ ನಿಮಗೆ ಗೊತ್ತಿಲ್ಲ.

ಹಾಗಾಗಿ ಎರಡನೆಯದಕ್ಕೆ ಆರಿಸಿದ್ದು 1:24ರ ಒಂದು ಡೋರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯ ಗ್ರ್ಯಾಂಡ್ ಬ್ಯಾಂಕ್ಸ್‌ ಎಂಬ ಕಡಲಭಾಗದಲ್ಲಿ ಕಾಡ್ ಮೀನು ಹಿಡಿಯುತ್ತಿದ್ದ ದೋಣಿ. ಚಪ್ಪಟೆ ತಳ, ಚೂಪು ಮೂತಿ. ಕೂರುವ ಹಲಗೆ ತೆಗೆದು ಒಂದರೊಳಗೊಂದು ಪೇರಿಸಿ ದೊಡ್ಡ ಹಡಗಿನ ಮೇಲೆ ಒಯ್ಯುತ್ತಿದ್ದರಂತೆ, ನಮ್ಮ ಸ್ಟೀಲ್ ಲೋಟಗಳ ಹಾಗೆ. ಮಾದರಿಯ ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಕಂಬ, ಹಗ್ಗ ಯಾವುದೂ ಇಲ್ಲ. ಪಟ್ಟಿಗಳೂ ಬೆರಳಿಗೆ ಸಿಗುವಷ್ಟು ಅಗಲ.

ಮಳೆಗಾಲ ಕಳೆದ ಮೇಲೇ ಶುರು ಮಾಡಿದೆ. ನಮ್ಮ ಕಡೆಯ ಜುಲೈ ಗಾಳಿಗೆ ಮರ ಉಬ್ಬುತ್ತದೆ, ಡಿಸೆಂಬರಿನಲ್ಲಿ ಕುಗ್ಗಿ ಸಂದು ಬಿಡುತ್ತದೆ. ಆರು ಭಾನುವಾರದಲ್ಲಿ ದೋಣಿ ಮುಗಿಯಿತು. ಕೊನೆಗೆ ಒಂದು ಹುಟ್ಟು ಕೈಯಲ್ಲೇ ಮುರಿಯಿತು. ಅಟ್ಟ ಹತ್ತಿ, ವಿಕ್ಟರಿಯ ಡಬ್ಬದಿಂದ ಕಂಬದ ಕಡ್ಡಿಯೊಂದನ್ನು ತೆಗೆದು ಹೊಸದು ಕೊರೆದೆ.