ನನ್ನ ರೆಸ್ಯೂಮೆ ತಿದ್ದಿಕೊಂಡ ಬಗೆ

ಬಿ.ಕಾಂ ಮುಗಿಸಿ ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಆಮೇಲೆ ಪೀಣ್ಯದ ಫ್ಯಾಕ್ಟರಿಗಳಲ್ಲಿ ಅಕೌಂಟ್ಸ್ ಕೆಲಸ ಹುಡುಕತೊಡಗಿದೆ. ಮೂರು ತಿಂಗಳು ಅರ್ಜಿ ಹಾಕಿದರೂ ಒಂದು ಫೋನ್ ಕೂಡ ಬರಲಿಲ್ಲ. ಮನೆಯಲ್ಲಿ ಮುಖ ತೋರಿಸೋದೇ ಕಷ್ಟ ಆಗಿತ್ತು.

ರೆಸ್ಯೂಮೆ ಸೈಬರ್ ಸೆಂಟರಿನಲ್ಲಿ ಮಾಡಿಸಿದ್ದು. ಅವರ ಹತ್ತಿರ ಇದ್ದ ನಮೂನೆಯಲ್ಲಿ ಹೆಸರು ಬದಲಾಯಿಸಿ ಕೊಟ್ಟಿದ್ದರು. ಮೇಲೆ ಕರಿಯರ್ ಆಬ್ಜೆಕ್ಟಿವ್ ಅಂತ ನಾಲ್ಕು ಸಾಲು. ಕೆಳಗೆ ತಂದೆಯ ಹೆಸರು, ಧರ್ಮ, ಆಧಾರ್ ನಂಬರ್, ಹವ್ಯಾಸ, ಕೊನೆಗೊಂದು ಡಿಕ್ಲರೇಶನ್. ನನ್ನ ಎರಡು ವರ್ಷದ ದುಡಿಮೆಗೆ ಸಿಕ್ಕಿದ್ದು ಒಂದೇ ಸಾಲು: ‘ಟ್ಯಾಲಿ ಮತ್ತು ಜಿಎಸ್‌ಟಿ ಗೊತ್ತು.’ ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್.

ನಮ್ಮ ದೊಡ್ಡಪ್ಪನ ಮಗಳು ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಅವಳಿಗೆ ತೋರಿಸಿದೆ. ‘ಟ್ಯಾಲಿ ಎಲ್ಲರಿಗೂ ಬರುತ್ತೆ ಕಣೋ. ದಿನಾ ಕೂತು ಏನು ಮಾಡ್ತಿದ್ದೆ, ಅದನ್ನ ಹೇಳು’ ಅಂದಳು.

ಹೇಳುತ್ತಾ ಹೋದೆ, ಅಕ್ಕ ಅದೇ ಹಾಳೆಯ ಹಿಂದೆ ಬರೆದುಕೊಂಡಳು. ತಿಂಗಳಿಗೆ 22 ಕ್ಲೈಂಟ್‌ಗಳ ಜಿಎಸ್‌ಟಿ ರಿಟರ್ನ್. 11ನೇ ತಾರೀಖಿನೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ. ನಡುವೆ 14ಕ್ಕೆ 2ಬಿ, ಅಂದರೆ ನಮಗೆ ಮಾರಿದವರು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ, ಬಂದ ಕೂಡಲೇ ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡೋದು. ಯಾವ ಪಾರ್ಟಿ ಬಿಲ್ ಅಪ್‌ಲೋಡ್ ಮಾಡಿಲ್ಲವೋ ಅವರಿಗೆ ಫೋನ್ ಮೇಲೆ ಫೋನ್. ಅವರು ಅಪ್‌ಲೋಡ್ ಮಾಡದಿದ್ದರೆ ನಮ್ಮ ಕ್ಲೈಂಟ್‌ಗೆ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಸಿಗಲ್ಲ. ‘ಇದನ್ನ ಯಾಕೆ ಬರೆದಿಲ್ಲ?’ ಅಂತ ಕೇಳಿದಳು. ದಿನಾ ಮಾಡೋ ಕೆಲಸ, ಅದರಲ್ಲೇನಿದೆ ಅಂದುಕೊಂಡಿದ್ದೆ.

ಆಬ್ಜೆಕ್ಟಿವ್ ತೆಗೆದು ಆ ಜಾಗದಲ್ಲಿ ಇದನ್ನೇ ಐದು ಸಾಲಾಗಿ ಹಾಕಿದೆ. ಧರ್ಮ, ಹವ್ಯಾಸ ಎಲ್ಲ ಹೋಯಿತು. ಆಧಾರ್ ನಂಬರ್ ಅಂತೂ ದಯವಿಟ್ಟು ಯಾರೂ ಹಾಕಬೇಡಿ. ರೆಸ್ಯೂಮೆ ಯಾರ್ಯಾರ ಕೈಗೆ ಹೋಗುತ್ತೋ ಹೇಳೋಕಾಗಲ್ಲ. ಕೆಲಸ ಸಿಕ್ಕಮೇಲೆ ಅವರು ಕೇಳಿದಾಗ ಕೊಟ್ಟರೆ ಸಾಕು.

ಇನ್ನೊಂದು ತಪ್ಪು ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಹಳೆಯದು ಎರಡು ಕಾಲಂ ಇರುವ ಟೇಬಲ್. ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದಾಗ ಡಿಗ್ರಿ ಅಂಕ ವಿಳಾಸದ ಜೊತೆ ಸೇರಿಕೊಂಡಿತ್ತು, ಕೆಲಸದ ವರ್ಷ ಎಲ್ಲೋ ಹೋಗಿತ್ತು. ಆನ್‌ಲೈನ್ ಅರ್ಜಿಯನ್ನು ಎಷ್ಟೋ ಕಡೆ ಮೊದಲು ಸಾಫ್ಟ್‌ವೇರ್ ಓದುತ್ತೆ ಅಲ್ವಾ, ಅದಕ್ಕೂ ಹೀಗೇ ಕಂಡಿರಬೇಕು. ಟೇಬಲ್ ಬಿಟ್ಟು ಸಾದಾ ಸಾಲುಗಳಲ್ಲಿ ಬರೆದೆ. ಕಳಿಸುವ ಮೊದಲು ಈಗಲೂ ಹೀಗೆ ನೋಟ್‌ಪ್ಯಾಡಿಗೆ ಹಾಕಿ ನೋಡುತ್ತೇನೆ. ರೆಸ್ಯೂಮೆಯಲ್ಲಿರುವ ನಂಬರಿಗೆ ಬೇರೆ ಫೋನಿನಿಂದ ಕರೆ ಮಾಡಿಯೂ ನೋಡುತ್ತೇನೆ.

‘ಸ್ಯಾಪ್ ಸಾಫ್ಟ್‌ವೇರ್ ಬರುತ್ತೆ ಅಂತ ಸುಮ್ನೆ ಹಾಕು’ ಅಂದ ಸ್ನೇಹಿತರೂ ಇದ್ದರು. ಹಾಕಲಿಲ್ಲ. ಗೊತ್ತಿಲ್ಲದ್ದನ್ನು ಬರೆದು ಎದುರು ಕೂರೋ ಧೈರ್ಯ ನನಗಿಲ್ಲ.

ಹೊಸದು ಕಳಿಸಿ ಮೂರನೇ ವಾರಕ್ಕೆ ಒಂದು ಕರೆ ಬಂತು. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಕೈಯಲ್ಲಿ ನನ್ನ ರೆಸ್ಯೂಮೆ ಇತ್ತು. 2ಬಿ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಸಿಸ್ಟಂ ಮುಂದೆ ಕೂರಿಸಿ, ‘ಈ ತಿಂಗಳದ್ದು ತಾಳೆ ಆಗ್ತಿಲ್ಲ, ಸ್ವಲ್ಪ ನೋಡಿ’ ಅಂದರು. ಅರ್ಧ ಗಂಟೆಯಲ್ಲಿ ಎರಡು ಬಿಲ್ ಸಿಕ್ಕವು.