ಕುಮಾರ ಪರ್ವತ ಏರುವ ಮೊದಲು: ದಾರಿ, ನೀರು ಮತ್ತು ಹೊತ್ತಿನ ಲೆಕ್ಕ

ಕುಮಾರ ಪರ್ವತದ ಎತ್ತರ ಸಮುದ್ರಮಟ್ಟದಿಂದ 1712 ಮೀಟರ್. ಈ ಒಂದು ಅಂಕಿಯನ್ನು ನಂಬಿ ಹೊರಟವರೇ ಅರ್ಧ ದಾರಿಯಲ್ಲಿ ಕುಸಿದು ಕೂರುವುದು ಹೆಚ್ಚು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1930 ಮೀಟರ್ ಇದ್ದರೂ ಅದರ ತುದಿಯ ಸಮೀಪದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ದೇವರ ಗುಡಿಯೇ ಸಿಗುತ್ತದೆ. ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಬುಡದಲ್ಲಿ, ಸಮುದ್ರಮಟ್ಟಕ್ಕಿಂತ ನೂರಿನ್ನೂರು ಮೀಟರ್ ಮೇಲಷ್ಟೇ ಇದೆ. ಅಲ್ಲಿಂದ ಹೊರಟವರು ಸುಮಾರು 13 ಕಿಲೋಮೀಟರ್ ದೂರದಲ್ಲಿ 1500 ಮೀಟರಿಗೂ ಹೆಚ್ಚು ಎತ್ತರವನ್ನು ತಮ್ಮ ಕಾಲಿನಿಂದಲೇ ಗಳಿಸಬೇಕು, ಮತ್ತೆ ಅಷ್ಟನ್ನೂ ಇಳಿಯಬೇಕು. ಆದ್ದರಿಂದ ಈ ಬೆಟ್ಟವನ್ನು ಅಳೆಯಬೇಕಾದದ್ದು ತುದಿಯ ಎತ್ತರದಿಂದಲ್ಲ, ಬುಡದಿಂದ ತುದಿಗಿರುವ ಅಂತರದಿಂದ.

ಪುಷ್ಪಗಿರಿ ಎಂದೂ ಕರೆಯುವ ಈ ಶಿಖರ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿದ್ದು, ದಕ್ಷಿಣ ಕನ್ನಡ ಮತ್ತು ಹಾಸನ ಜಿಲ್ಲೆಗಳ ಗಡಿಗೆ ಅಂಟಿಕೊಂಡಿದೆ. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅವುಗಳಲ್ಲಿ ಒಂದಾಯಿತು. ಕುಕ್ಕೆಯ ಭಕ್ತರು ಮೀಯುವ ಕುಮಾರಧಾರಾ ಈ ಬೆಟ್ಟಸಾಲಿನಲ್ಲೇ ಹುಟ್ಟಿ, ಸೋಮವಾರಪೇಟೆಯ ಕಡೆ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟವಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದದ್ದು ಇದೇ ನೀರಿನಲ್ಲಿ ಎಂಬುದು ಕ್ಷೇತ್ರದ ನಂಬಿಕೆ. ಚಾರಣಿಗರು ದಾರಿಯಲ್ಲಿ ಎಸೆದ ಪ್ಲಾಸ್ಟಿಕ್ ಮಳೆಗಾಲದಲ್ಲಿ ಕೊಚ್ಚಿಹೋಗುವುದೂ ಇದೇ ನೀರಿಗೆ. ಹಾಗಾಗಿ ತಿಂಡಿಯನ್ನು ಬಟ್ಟೆಯ ಚೀಲದಲ್ಲಿಯೋ ಸ್ಟೀಲಿನ ಡಬ್ಬದಲ್ಲಿಯೋ ಕಟ್ಟಿಕೊಂಡು ಹೋಗುವುದು ಬರಿಯ ಶಿಷ್ಟಾಚಾರವಲ್ಲ. ತನಿಖಾ ಠಾಣೆಯಲ್ಲಿ ಚೀಲ ಬಿಚ್ಚಿ ನೋಡುತ್ತಾರೆ, ಅದಕ್ಕೆ ಬೇಸರಪಡಬೇಡಿ.

ಮೊದಲ ಕೆಲಸ ಅನುಮತಿ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಈ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಅದರ ಬೆನ್ನಿಗೇ ಸರ್ಕಾರ ಚಾರಣವನ್ನು ತಡೆದು, ಆನ್‌ಲೈನಿನಲ್ಲಿ ಮುಂಗಡವಾಗಿ ಕಾಯ್ದಿರಿಸಿದವರಿಗಷ್ಟೇ ಪ್ರವೇಶ ಎಂಬ ವ್ಯವಸ್ಥೆಯತ್ತ ಹೊರಳಿತು. ಶುಲ್ಕ, ದಿನದ ಮಿತಿ, ಒಳಗೆ ಬಿಡುವ ಮತ್ತು ಹೊರಬರಬೇಕಾದ ಸಮಯ ಇವೆಲ್ಲ ಕಾಲಕಾಲಕ್ಕೆ ಬದಲಾಗುವಂಥವು. ಗೆಳೆಯರು ಹೋದ ವರ್ಷ ಹೇಳಿದ್ದನ್ನು ನಂಬದೆ, ಅರಣ್ಯ ಇಲಾಖೆಯ ಜಾಲತಾಣದಲ್ಲೇ ನೋಡಿ ಕಾಯ್ದಿರಿಸಬೇಕು. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಲಿ. ಒಂದು ಬದಿಯಿಂದ ಏರಿ ಇನ್ನೊಂದು ಬದಿಗೆ ಇಳಿಯುವ ಯೋಚನೆಯಿದ್ದರೆ ನಿಮ್ಮ ಅನುಮತಿ ಅದಕ್ಕೆ ಒಪ್ಪುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಶಿಖರದ ಮೇಲೆ ಗುಡಾರ ಹಾಕಿ ರಾತ್ರಿ ಕಳೆಯುವುದು ನಿಷಿದ್ಧ. ಹಳೆಯ ಬರಹಗಳಲ್ಲಿ ಅಂಥ ರಾತ್ರಿಗಳ ಸೊಗಸಾದ ವರ್ಣನೆಗಳು ಈಗಲೂ ಕಾಣಸಿಗುತ್ತವೆ. ಅವುಗಳನ್ನು ಓದಿ ಆಸೆಪಡಬಹುದೇ ಹೊರತು ಅನುಸರಿಸುವಂತಿಲ್ಲ.

ಕಾಲದ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಅಕ್ಟೋಬರ್ ನಡುವಿನಿಂದ ಜನವರಿಯವರೆಗೆ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಮುಚ್ಚಿರಲೂ ಬೇಕು. ಆಗ ಬಂಡೆಗಳ ಮೇಲೆ ಪಾಚಿ, ಹಳ್ಳಗಳಲ್ಲಿ ಕೆಂಪು ನೀರು, ಹುಲ್ಲಿನ ತುದಿತುದಿಯಲ್ಲಿ ಉಂಬಳ. ಫೆಬ್ರವರಿ ದಾಟಿದರೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ತೊರೆಗಳು ಬತ್ತುತ್ತವೆ, ನೆರಳಿಲ್ಲದ ಏರಿನಲ್ಲಿ ಬಿಸಿಲು ತಲೆಯನ್ನೇ ಸುಡುತ್ತದೆ. ಬೆಂಕಿಯ ಅಪಾಯ ಹೆಚ್ಚಿದಾಗ ಇಲಾಖೆ ಚಾರಣವನ್ನು ನಿಲ್ಲಿಸುವುದೂ ಉಂಟು. ಅಕ್ಟೋಬರಿನಲ್ಲಿ ಹೋಗುವವರಿಗೆ ಹಸಿರು ಹೆಚ್ಚು, ಉಂಬಳವೂ ಹೆಚ್ಚು. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಕತ್ತಲು ಬೇಗ ಇಳಿಯುತ್ತದೆ. ಮಾರ್ಗಶಿರದ ಚಂಪಾಷಷ್ಠಿಯ ದಿನಗಳಲ್ಲಿ ಕುಕ್ಕೆಯಲ್ಲಿ ಕೊಠಡಿ ಸಿಗುವುದು ಕಷ್ಟವಾದ್ದರಿಂದ, ಜಾತ್ರೆಗೆಂದೇ ಬರುವವರಲ್ಲದಿದ್ದರೆ ಆ ವಾರವನ್ನು ಬಿಡುವುದು ಒಳ್ಳೆಯದು.

ಬೆಂಗಳೂರಿನಿಂದ ಕುಕ್ಕೆಗೆ ರಾತ್ರಿ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಸುಮಾರು 12 ಕಿಲೋಮೀಟರ್ ಜೀಪಿನಲ್ಲೋ ಬಸ್ಸಿನಲ್ಲೋ ಹೋಗಬೇಕು. ರಾತ್ರಿಯಿಡೀ ಘಟ್ಟದ ತಿರುವುಗಳಲ್ಲಿ ನಿದ್ದೆಗೆಟ್ಟು, ಇಳಿದ ಕೂಡಲೇ ಬೆಟ್ಟ ಹತ್ತುವ ರೂಢಿ ವಾರಾಂತ್ಯದ ಚಾರಣಿಗರಲ್ಲಿ ಬೇರೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ಹಿಂದಿನ ದಿನ ಹಗಲಿನಲ್ಲೇ ತಲುಪಿ, ಬೇಗ ಊಟಮಾಡಿ ಮಲಗಿ, ಒಳಗೆ ಬಿಡುವ ಮೊದಲ ಹೊತ್ತಿಗೇ ದಾರಿಗೆ ಬೀಳುವವರು ಮಧ್ಯಾಹ್ನದ ಬಿಸಿಲಿಗೆ ಮುನ್ನ ಗಳಿಸುವ ಎರಡು ಮೂರು ಗಂಟೆಗಳು ಇಡೀ ದಿನದ ಗತಿಯನ್ನೇ ಬದಲಿಸುತ್ತವೆ.

ಕುಕ್ಕೆಯ ಬದಿಯ ದಾರಿ ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ರಸ್ತೆ ಬಿಟ್ಟು ಕಾಡು ಹೊಗುತ್ತದೆ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಮರಗಳ ಬೇರುಗಳೇ ಮೆಟ್ಟಿಲಾದ ಈ ದಾರಿಯಲ್ಲಿ ನೆರಳಿದೆ, ಆದರೆ ಗಾಳಿಯಿಲ್ಲ. ಕರಾವಳಿಯ ಸೆಕೆ ಕಾಡಿನೊಳಗೆ ಹಿಡಿದಿಟ್ಟಂತಿದ್ದು, ಅರ್ಧ ಗಂಟೆಯಲ್ಲಿ ಅಂಗಿ ಬೆವರಿನಿಂದ ತೊಯ್ಯುತ್ತದೆ. ನೀರು ಮತ್ತು ಉಪ್ಪು ದೇಹದಿಂದ ಬಹಳವಾಗಿ ಸೋರಿಹೋಗುವುದು ಇಲ್ಲಿಯೇ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ. ಒಂದು ಬಾಟಲಿಗೆ ಓಆರ್‌ಎಸ್ ಪುಡಿಯನ್ನೋ ಉಪ್ಪು, ಸಕ್ಕರೆ, ನಿಂಬೆರಸವನ್ನೋ ಬೆರೆಸಿಟ್ಟುಕೊಳ್ಳಿ. ಭೀಮನ ಬಂಡೆ ಎಂದು ಕರೆಯುವ ದೊಡ್ಡ ಕಲ್ಲಿನ ಬಳಿ ಎಲ್ಲರೂ ನಿಲ್ಲುತ್ತಾರೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಕಾಲು ಮರಗಟ್ಟುತ್ತದೆ.

ಕಾಡು ಮುಗಿದು ಬಯಲು ತೆರೆದುಕೊಳ್ಳುವಲ್ಲಿ ಗಿರಿಗದ್ದೆ. ಅಲ್ಲಿರುವ ಭಟ್ಟರ ಮನೆ ದಶಕಗಳಿಂದ ಚಾರಣಿಗರಿಗೆ ಅನ್ನವಿಕ್ಕಿದ ಮನೆ. ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿಯ ಆ ಸರಳ ಊಟದ ರುಚಿಯನ್ನು ಹಸಿದು ಹೋದವರೇ ಬಲ್ಲರು. ಅದು ಹೋಟೆಲಲ್ಲ, ಸಂಸಾರಸ್ಥರ ಮನೆ. ಎಷ್ಟು ಜನ ಎಂಬುದನ್ನು ಮುಂಚಿತವಾಗಿ ತಿಳಿಸಬೇಕು, ತಟ್ಟೆ ತೊಳೆದಿಡಬೇಕು, ಅಂಗಳದಲ್ಲಿ ಗದ್ದಲ ಮಾಡಬಾರದು. ಎರಡು ದಿನದಲ್ಲಿ ಏರಿಳಿಯುವವರಿಗೆ ಗಿರಿಗದ್ದೆಯೇ ಸಹಜವಾದ ತಂಗುದಾಣ, ಆದರೆ ರಾತ್ರಿ ಉಳಿಯಲು ಆ ಹೊತ್ತಿನ ನಿಯಮ ಅವಕಾಶ ಕೊಡುತ್ತದೆಯೇ ಎಂದು ಕಾಯ್ದಿರಿಸುವಾಗಲೇ ವಿಚಾರಿಸಿಕೊಳ್ಳಿ. ಕುಕ್ಕೆಯಿಂದ ಇಲ್ಲಿಗೆ ಬರಲು ನಿಮಗೆ ನಾಲ್ಕು ಗಂಟೆಗಿಂತ ಹೆಚ್ಚು ಹಿಡಿದಿದ್ದರೆ ಅದೇ ದಿನ ತುದಿ ಮುಟ್ಟಿ ಇಳಿಯುವ ಯೋಚನೆಯನ್ನು ಇಲ್ಲಿಯೇ ಕೈಬಿಡಬೇಕು. ಇದರಲ್ಲಿ ಸೋಲೇನೂ ಇಲ್ಲ: ಗಿರಿಗದ್ದೆಯ ಅಂಚಿನಿಂದ ಕಾಣುವ ಬೆಟ್ಟಸಾಲು ಅಷ್ಟು ದೂರ ನಡೆದದ್ದಕ್ಕೆ ಸಾಲುವಷ್ಟಿದೆ.

ಮುಂದೆ ಅರಣ್ಯ ಇಲಾಖೆಯ ತನಿಖಾ ಠಾಣೆ. ಅಲ್ಲಿಂದ ಶಿಖರಕ್ಕೆ ಉಳಿದಿರುವ ಆರೇಳು ಕಿಲೋಮೀಟರ್ ದಾರಿಯ ಸ್ವಭಾವವೇ ಬೇರೆ. ಹುಲ್ಲುಗಾವಲಿನ ಏಣು, ಮೇಲೆ ಬರಿಯ ಆಕಾಶ, ಒಂದು ಮರದ ನೆರಳೂ ಇಲ್ಲ. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಹತ್ತಿಯ ಅಂಗಿ ಇಲ್ಲಿ ಬೇಕೇ ಬೇಕು. ಗಂಟೆಯೊಂದೂವರೆ ನಡೆದರೆ ಕಲ್ಲುಮಂಟಪ ಬರುತ್ತದೆ: ನಾಲ್ಕು ಕಲ್ಲುಕಂಬಗಳ ಮೇಲಿನ ಆ ಚಾವಣಿಯ ನೆರಳಿಗಾಗಿ ಕಾಲು ತಾನೇ ಬೇಗ ಹೆಜ್ಜೆ ಹಾಕುತ್ತದೆ. ಹತ್ತಿರದಲ್ಲೇ ತೊರೆಯ ನೀರಿದೆ, ಮೇಲಕ್ಕೆ ಹೋಗುವಾಗ ನಂಬಬಹುದಾದ ಕೊನೆಯ ನೀರು ಅದು. ಬೇಸಿಗೆಯ ಹತ್ತಿರ ಅದೂ ಸಣ್ಣದಾಗುತ್ತದೆ. ಇಲ್ಲಿಂದ ಹೊರಡುವಾಗ ಪ್ರತಿಯೊಬ್ಬರ ಬಳಿ ಕನಿಷ್ಠ ಎರಡು ಲೀಟರ್ ಇರಬೇಕು. ಒಬ್ಬರು ಹೊತ್ತ ನೀರನ್ನು ಮೂವರು ಕುಡಿಯುವ ಲೆಕ್ಕಾಚಾರ ಇಳಿಯುವಾಗ ಕೈಕೊಡುತ್ತದೆ.

ಕಲ್ಲುಮಂಟಪದ ಮೇಲಿನ ಏರು ಇಡೀ ದಾರಿಯಲ್ಲೇ ದಣಿಸುವಂಥದ್ದು, ಏಕೆಂದರೆ ಎದುರಿಗೆ ಕಾಣುವ ನೆತ್ತಿಯೇ ಶಿಖರವೆಂದು ಮನಸ್ಸು ನಂಬುತ್ತದೆ. ಅದು ಶಿಖರವಲ್ಲ, ಹೆಡೆಯೆತ್ತಿದ ಹಾವಿನಂತೆ ನಿಂತ ಶೇಷಪರ್ವತ. ಅದರ ಒಂದು ಬದಿ ಕಡಿದಾಗಿ ಕಣಿವೆಗೆ ಬೀಳುತ್ತದೆ. ಮಂಜು ಕವಿದಾಗ ಹುಲ್ಲು ಎಲ್ಲಿ ಮುಗಿಯುತ್ತದೆ, ಪ್ರಪಾತ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುವುದಿಲ್ಲ. ಅಂಚಿಗೆ ಹೋಗಿ ಚಿತ್ರ ತೆಗೆಯುವ ಚಪಲವನ್ನು ಇಲ್ಲಿ ಕಟ್ಟಿಡಲೇಬೇಕು. ಶೇಷಪರ್ವತ ದಾಟಿದ ಮೇಲೆ ದಾರಿ ಒಮ್ಮೆ ಇಳಿದು ಶೋಲಾ ಕಾಡನ್ನು ಹೊಗುತ್ತದೆ. ಕುಳ್ಳ ಮರಗಳು, ಪಾಚಿ ಹೊದ್ದ ಕಾಂಡಗಳು, ತಣ್ಣನೆಯ ಮಣ್ಣಿನ ವಾಸನೆ. ಹೊರಗಿನ ಬಿಸಿಲಿನಿಂದ ಬಂದವರಿಗೆ ಇದು ಬೇರೊಂದೇ ಲೋಕ. ಕಾಡಿನಾಚೆ ಕೈಯನ್ನೂ ಊರಿ ಹತ್ತಬೇಕಾದ ಬಂಡೆಯ ಏರು ಇದೆ. ಅದರ ಮೇಲೆ ನೀರು ಜಿನುಗುತ್ತಲೇ ಇರುವುದರಿಂದ ಸವೆದ ಅಡಿಯ ಶೂ ಹಾಕಿದವರು ಜಾರುವುದು ಖಂಡಿತ. ಒಣಗಿದ ಭಾಗವನ್ನು ಹುಡುಕಿ ಕಾಲಿಡಿ, ಒಬ್ಬರು ಪೂರ್ತಿ ಹತ್ತಿದ ಮೇಲೆ ಇನ್ನೊಬ್ಬರು ಹತ್ತಿ. ಮಳೆ ಸುರಿಯುತ್ತಿದ್ದರೆ ಈ ಬಂಡೆಯ ಬುಡದಿಂದಲೇ ಹಿಂತಿರುಗಿ.

ತುದಿ ವಿಶಾಲವಾಗಿದೆ. ಅಲ್ಲಿ ಕಲ್ಲಿನ ಪುಟ್ಟ ಗುಡಿಯಿದೆ, ಸುತ್ತ ಕಲ್ಲಿನ ರಾಶಿಗಳಿವೆ. ಪಶ್ಚಿಮಕ್ಕೆ ದಕ್ಷಿಣ ಕನ್ನಡದ ಕಾಡು, ಪೂರ್ವಕ್ಕೆ ಕೊಡಗಿನ ಕಣಿವೆಗಳು.

ಇನ್ನೊಂದು ದಾರಿ ಸೋಮವಾರಪೇಟೆಯ ಕಡೆಯದು. ಪೇಟೆಯಿಂದ ಸುಮಾರು 25 ಕಿಲೋಮೀಟರ್ ದೂರದ ಬೀದಳ್ಳಿಯಿಂದ ಹೊರಟು, ಪುಷ್ಪಗಿರಿಯ ಶಾಂತಮಲ್ಲಿಕಾರ್ಜುನ ದೇವಸ್ಥಾನದ ಹಾದಿಯಲ್ಲಿ ಸಾಗಿ, ತೂಗುಸೇತುವೆಯಲ್ಲಿ ಹೊಳೆ ದಾಟಿದರೆ ಕಾಡಿನ ಏರು ಮೊದಲಾಗುತ್ತದೆ. ಆರಂಭದ ಜಾಗವೇ ಎತ್ತರದಲ್ಲಿರುವುದರಿಂದ ದೂರವೂ ಏರೂ ಕುಕ್ಕೆಯ ಬದಿಯ ಅರ್ಧದಷ್ಟೇ, ನೆರಳು ಮಾತ್ರ ಹೆಚ್ಚು. ಮೊದಲ ಬಾರಿಗೆ ಬರುವವರಿಗೆ, ಮಕ್ಕಳೊಂದಿಗೆ ಬರುವವರಿಗೆ ಈ ದಾರಿಯನ್ನೇ ಸೂಚಿಸುತ್ತೇನೆ. ತುದಿಯ ಹತ್ತಿರದ ಬೋಳುಬಂಡೆಗಳಲ್ಲಿ ಎಚ್ಚರ ಬೇಕು. ಈ ಕಾಡಿನಲ್ಲಿ ಆನೆಗಳ ಓಡಾಟವಿದೆ. ಹಸಿ ಲದ್ದಿ, ಮುರಿದ ಬಿದಿರು ಕಂಡರೆ ಮಾತು ನಿಲ್ಲಿಸಿ, ಗುಂಪಾಗಿ ನಿಂತು, ಸದ್ದನ್ನು ಆಲಿಸಿ ಮುಂದಡಿಯಿಡಬೇಕು. ಬಸ್ಸುಗಳು ವಿರಳವಾದ್ದರಿಂದ ಜೀಪನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಅನೇಕರು ಬೀದಳ್ಳಿಯಿಂದ ಏರಿ ಕುಕ್ಕೆಗೆ ಇಳಿಯುವ ದಾರಿಯನ್ನು ಸುಲಭವೆಂದು ಭಾವಿಸುತ್ತಾರೆ. ಉಸಿರಿಗೆ ಅದು ಸುಲಭ, ಮಂಡಿಗೆ ಅಲ್ಲ. 13 ಕಿಲೋಮೀಟರ್ ಬಿಡುವಿಲ್ಲದ ಇಳಿಜಾರಿನಲ್ಲಿ ದೇಹದ ಭಾರವನ್ನು ತಡೆಯುವ ತೊಡೆಯ ಸ್ನಾಯುಗಳು ಕೊನೆಯ ಕಾಡಿನಲ್ಲಿ ನಡುಗತೊಡಗುತ್ತವೆ, ಬೇರುಗಳಿಗೆ ಕಾಲು ಎಡವುವುದು ಆಗಲೇ. ನನ್ನ ಬಲ ಮಂಡಿ ನನಗೆ ಈ ಪಾಠ ಕಲಿಸಿದ್ದು ಗಿರಿಗದ್ದೆಯ ಕೆಳಗೆ. ಅಂದಿನಿಂದ ಎರಡು ಊರುಗೋಲುಗಳಿಲ್ಲದೆ ನಾನು ಈ ಬೆಟ್ಟಕ್ಕೆ ಹೊರಟಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಬಾಗಿರಲಿ, ಓಡಬೇಡಿ. ಶೂವಿನ ಲೇಸನ್ನು ಇಳಿಯುವ ಮೊದಲು ಬಿಗಿದು ಕಟ್ಟಿದರೆ ಹೆಬ್ಬೆರಳಿನ ಉಗುರು ಕಪ್ಪಾಗುವುದು ತಪ್ಪುತ್ತದೆ. ಒಂದು ತಿಂಗಳ ಮುಂಚಿನಿಂದ ದಿನವೂ ಮಹಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಅಭ್ಯಾಸ ಮಾಡಿ, ಇಳಿಯುವುದನ್ನೇ ಹೆಚ್ಚಾಗಿ.

ಉಂಬಳಕ್ಕೆ ಹೆದರಬೇಕಾಗಿಲ್ಲ. ಪ್ಯಾಂಟಿನ ಅಂಚನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ, ಹೊಗೆಸೊಪ್ಪಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕಾಲುಚೀಲಕ್ಕೆ ಸವರುವುದು ಮಲೆನಾಡಿನವರ ರೂಢಿ. ಕಚ್ಚಿದರೆ ಉಗುರಿನಿಂದ ಅದರ ಬಾಯಿಯನ್ನು ಚರ್ಮದಿಂದ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಹರಿದು ತಾನೇ ನಿಲ್ಲುತ್ತದೆ.

ಚೀಲ ಹಗುರವಾಗಿರಲಿ: ನೀರು, ಚಪಾತಿ, ಶೇಂಗಾ ಚಿಕ್ಕಿ, ಖರ್ಜೂರ, ಮಳೆಯಂಗಿ, ಗಾಯಕ್ಕೆ ಪಟ್ಟಿ, ತಲೆಗೆ ಕಟ್ಟುವ ಟಾರ್ಚು. ಹಗಲಿನಲ್ಲೇ ಮುಗಿಸುವೆ ಎನ್ನುವವರಿಗೂ ಟಾರ್ಚು ಬೇಕು. ಮೊಬೈಲ್ ಸಂಪರ್ಕ ಅಲ್ಲಲ್ಲಿ ಬಂದು ಹೋಗುವುದರಿಂದ, ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹಿಂತಿರುಗುತ್ತೀರಿ ಎಂಬುದನ್ನು ಮನೆಯವರಿಗೆ ಬರೆದುಕೊಟ್ಟು ಹೊರಡಿ. ತುರ್ತು ಕರೆಯ ಸಂಖ್ಯೆ 112. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಅವರ ವೇಗಕ್ಕೆ ಉಳಿದವರು ಹೊಂದಿಕೊಳ್ಳಬೇಕು. ಹೊರಡುವ ಮೊದಲೇ ಹಿಂತಿರುಗುವ ಗಂಟೆಯೊಂದನ್ನು ಎಲ್ಲರೂ ಸೇರಿ ನಿಶ್ಚಯಿಸಿ. ಒಂದೇ ದಿನದಲ್ಲಿ ಕುಕ್ಕೆಯಿಂದ ಏರಿಳಿಯುವವರಿಗೆ ನನ್ನ ಲೆಕ್ಕದಲ್ಲಿ ಅದು ಮಧ್ಯಾಹ್ನ 12 ಗಂಟೆ: ಆ ಹೊತ್ತಿಗೆ ನೀವು ಶೇಷಪರ್ವತದ ನೆತ್ತಿಯಲ್ಲೇ ಇರಲಿ, ಶಿಖರ ಕಣ್ಣೆದುರಿಗೇ ಇರಲಿ, ಮುಖ ತಿರುಗಿಸಿ ಇಳಿಯಬೇಕು. ಇಳಿದು ಬಂದಾಗ ನಿಮ್ಮ ತಂಡದ ಎಲ್ಲರೂ ಹಿಂತಿರುಗಿದ್ದೀರೆಂದು ತನಿಖಾ ಠಾಣೆಯಲ್ಲಿ ತಿಳಿಸಿಯೇ ಮುಂದೆ ಹೋಗಿ. ಹಾಗೆ ತಿಳಿಸದೆ ಹೋದವರನ್ನು ಹುಡುಕಲು ಸಿಬ್ಬಂದಿ ಕತ್ತಲಲ್ಲಿ ಅದೇ ಏರನ್ನು ಮತ್ತೆ ಹತ್ತಬೇಕಾಗುತ್ತದೆ.